ಅರ್ಧಕ್ಕೆ ನಿಲ್ಲಿಸಿದ ಆಪರೇಷನ್

ಹೊಟ್ಟೆ ಕೊಯ್ಯದೆ ಮಾಡುವ ಆಪರೇಷನ್ ಎಂದರೆ ನಮ್ಮ ಜನಕ್ಕೆ ಎರಡು ಅನುಮಾನ. ಹೊಲಿಗೆಯೇ ಕಾಣದ ಮೇಲೆ ಡಾಕ್ಟರು ನಿಜವಾಗಿ ಏನಾದರೂ ಮಾಡಿದರೋ ಇಲ್ಲವೋ ಎನ್ನುವುದು ಒಂದು. ಮಾಡಿದ್ದರೂ ಪೂರ್ತಿ ಮಾಡಿದರೋ ಅರ್ಧಕ್ಕೆ ಬಿಟ್ಟರೋ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಾನು ನಕ್ಕು ಉತ್ತರ ಹೇಳುತ್ತೇನೆ. ಎರಡನೆಯದಕ್ಕೆ ಈಗ ನಗಲಾರೆ, ಏಕೆಂದರೆ ಒಮ್ಮೆ ಅದು ನಿಜವೇ ಆಯಿತು. ಅರ್ಧಕ್ಕೆ ಬಿಟ್ಟವಳು ನಾನೇ.

ವಿಜಯನಗರದ ನಮ್ಮ ನರ್ಸಿಂಗ್ ಹೋಮಿಗೆ ಆಕೆ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದಿದ್ದಳು. ಸಿಟಿ ಬಸ್ಸಿನ ಕಂಡಕ್ಟರ್. ಕೆಂಗೇರಿ ಹತ್ತಿರದ ಉಲ್ಲಾಳದ ಕಡೆಯ ರೂಟು. ವಯಸ್ಸು ಮೂವತ್ತೆಂಟು, ಮದುವೆಯಾಗಿ ಎರಡು ವರ್ಷ. ಗಂಡ ಅದೇ ಡಿಪೋದಲ್ಲಿ ಡ್ರೈವರ್. ಕುರ್ಚಿ ತೋರಿಸಿದೆ, ಕೂರಲಿಲ್ಲ.

“ಬೇಡ ಮೇಡಂ, ನಿಂತೇ ಇರ್ತೀನಿ. ನಿಮ್ ಕುರ್ಚಿ ಹಾಳಾಗುತ್ತೆ.”

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ, ಅಷ್ಟು ದಿನ ಅವಳನ್ನು ಹಾಗೆ ನಿಲ್ಲಿಸಿದ್ದ ಎಲ್ಲದರ ಮೇಲೆ. ಸಿಸ್ಟರ್ ಹತ್ತಿರ ಒಂದು ರಬ್ಬರ್ ಶೀಟು ಹಾಸಿಸಿ, ಗದರಿಯೇ ಕೂರಿಸಿದೆ. ನನ್ನ ಬಾಯಿ ಸ್ವಲ್ಪ ಜೋರು. ನರ್ಸಿಂಗ್ ಹೋಮಿನಲ್ಲಿ ಎಲ್ಲರಿಗೂ ಅದು ಗೊತ್ತು, ಹೊಸಬರಿಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ.

ತಿಂಗಳಲ್ಲಿ ಅರ್ಧದಷ್ಟು ದಿನ ರಕ್ತಸ್ರಾವ, ಗಟ್ಟಿಗಟ್ಟಿಯಾಗಿ ಹೋಗುವುದು, ರೂಟಿನ ಒಂದು ತುದಿಯಲ್ಲಿ ಶೌಚಾಲಯ ಇಲ್ಲ, ಇನ್ನೊಂದು ತುದಿಯದಕ್ಕೆ ಸದಾ ಬೀಗ. ಬಸ್ಸಿನಲ್ಲಿ ಕಂಡಕ್ಟರ್ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಟಿಕೆಟ್ ಕೊಡುವುದು. ರಕ್ತದ ಹಿಮೋಗ್ಲೋಬಿನ್ ಇರಬೇಕಾದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಲವತ್ತರ ಹತ್ತಿರ ಬಂದಿದ್ದೀರಿ, ಗರ್ಭಕೋಶ ತೆಗೆಸಿಬಿಡಿ ಎಂದು ಬೇರೆ ಕಡೆ ಹೇಳಿದ್ದರಂತೆ.

“ಮದುವೆ ಆಗಿದ್ದೇ ಲೇಟು ಮೇಡಂ. ಒಂದು ಮಗು ಬೇಕು ಅಂತ ಆಸೆ. ಆಗುತ್ತೋ ಬಿಡುತ್ತೋ ಗೊತ್ತಿಲ್ಲ. ಆದ್ರೆ ತೆಗೆದ್ಬಿಟ್ರೆ ಆಸೆ ಪಡೋಕೂ ಏನೂ ಇರಲ್ಲ ಅಲ್ವಾ?”

ಸ್ಕ್ಯಾನ್ ಮಾಡಿದೆ. ಆಮೇಲೆ ಹೊರರೋಗಿ ವಿಭಾಗದಲ್ಲೇ ಕಡ್ಡಿಯಷ್ಟು ತೆಳುವಾದ ಕ್ಯಾಮೆರಾ ಒಳಗೆ ಬಿಟ್ಟು ನೋಡಿದೆ, ಪರೀಕ್ಷೆಗೆ ಒಂದು ಚೂರು ತೆಗೆದು ಕಳಿಸಿದೆ. ಗರ್ಭಕೋಶದ ಒಳಗೋಡೆಯಿಂದ ದೊಡ್ಡ ನೆಲ್ಲಿಕಾಯಿಯಷ್ಟು ಗಡ್ಡೆಯೊಂದು ಒಳಕ್ಕೆ ಉಬ್ಬಿತ್ತು. ಕ್ಯಾನ್ಸರ್ ಅಲ್ಲ, ಸಾಮಾನ್ಯ ಫೈಬ್ರಾಯ್ಡ್ ಗಡ್ಡೆ. ಆದರೆ ಕೂತ ಜಾಗ ಕೆಟ್ಟದ್ದು. ರಕ್ತಸ್ರಾವಕ್ಕೂ ಅದೇ ಕಾರಣ, ಮಗು ನಿಲ್ಲಲು ಬಿಡದ್ದೂ ಅದೇ ಇರಬಹುದು. ಬಹುಪಾಲು ಒಳಗೇ ಚಾಚಿಕೊಂಡಿದೆ, ಸುಲಭವಾಗಿ ತೆಗೆಯಬಹುದು ಎಂದು ಅಂದುಕೊಂಡೆ. ಈ “ಸುಲಭ”ಕ್ಕೆ ಆಮೇಲೆ ಬರುತ್ತೇನೆ.

ವಿಧಾನವನ್ನು ಅವಳಿಗೆ ಬಿಡಿಸಿ ಹೇಳಿದೆ. ಹೊಟ್ಟೆಯ ಮೇಲೆ ಗಾಯ ಇಲ್ಲ. ಮಗು ಹುಟ್ಟುವ ದಾರಿಯಿಂದಲೇ ಒಂದು ಕೊಳವೆ ಒಳಗೆ ಹೋಗುತ್ತದೆ. ಅದರ ತುದಿಯಲ್ಲಿ ಕ್ಯಾಮೆರಾ, ಪಕ್ಕದಲ್ಲಿ ವಿದ್ಯುತ್ ಹರಿಯುವ ಸಣ್ಣ ತಂತಿ ಕುಣಿಕೆ. ಗರ್ಭಕೋಶ ಮಡಚಿದ ಚೀಲ, ತಾನಾಗಿ ಬಾಯಿ ತೆರೆಯುವುದಿಲ್ಲ. ಸಲೈನ್ ನೀರು ಬಿಟ್ಟು ಉಬ್ಬಿಸಿಕೊಂಡು, ಆ ಕುಣಿಕೆಯಿಂದ ಗಡ್ಡೆಯನ್ನು ಪದರಪದರವಾಗಿ ಹೆರೆಯುತ್ತಾ ಬರಬೇಕು. ಹೋದಷ್ಟು ನೀರು ಹೊರಗೆ ಬರಬೇಕು. ಬಾರದೆ ಉಳಿದದ್ದು ರಕ್ತಕ್ಕೆ ಸೇರುತ್ತದೆ, ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನಿಲ್ಲುತ್ತದೆ. ಅಪಾಯ ಇರುವುದು ಕತ್ತರಿಯಲ್ಲಿ ಅಷ್ಟಲ್ಲ, ಈ ನೀರಿನ ಲೆಕ್ಕದಲ್ಲಿ.

ಅದಕ್ಕೆ ಮೊದಲು ರಕ್ತ ಹೆಚ್ಚಬೇಕಿತ್ತು. ಕಬ್ಬಿಣದ ಇಂಜೆಕ್ಷನ್ ಶುರು ಮಾಡಿದೆ. ಮುಟ್ಟು ಮುಗಿದ ಕೂಡಲೇ ಒಳಪದರ ತೆಳ್ಳಗಿರುತ್ತದೆ, ಕಾಣುವುದು ಚೆನ್ನ. ಹಾಗಾಗಿ ಡೇಟ್ ಆದ ದಿನವೇ ಫೋನ್ ಮಾಡಬೇಕೆಂದು ಹೇಳಿ ಕಳಿಸಿದೆ.

ಫೋನ್ ಬರಲಿಲ್ಲ. ದಿನ ದಾಟಿತು, ವಾರ ದಾಟಿತು. ರಜೆ ಸಿಕ್ಕಿರಲಿಕ್ಕಿಲ್ಲ ಅಂದುಕೊಂಡು ನಾನೂ ಬೇರೆ ಕೆಲಸದಲ್ಲಿ ಮರೆತೆ. ಒಂದು ಬೆಳಿಗ್ಗೆ ಆಟೋದಲ್ಲಿ ಅವಳನ್ನು ಮಲಗಿಸಿಕೊಂಡೇ ತಂದರು. ಸುತ್ತಿದ್ದ ಬೆಡ್‌ಶೀಟು ಒದ್ದೆ. ತುಟಿ ಬಿಳಚಿಕೊಂಡಿತ್ತು, ಕರೆದರೆ ಕಣ್ಣು ತೆರೆಯುವುದಕ್ಕೂ ತ್ರಾಣ ಇಲ್ಲ. ಜೊತೆಗೆ ಗಂಡ, ಗಂಡನ ತಾಯಿ. ಆ ತಾಯಿ ಹಾವೇರಿ ಕಡೆಯವರು. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಕೊರಳಲ್ಲಿ ಲಿಂಗದ ಕರಡಿಗೆ.

ರಕ್ತ ಕೊಟ್ಟೆವು, ಸ್ರಾವ ನಿಲ್ಲಿಸುವ ಔಷಧ ಕೊಟ್ಟೆವು. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಹತೋಟಿಗೆ ಬಂತು. ಅತ್ತೆ ನನ್ನ ರೂಮಿಗೆ ಬಂದು ನೇರವಾಗಿ ಹೇಳಿದರು.

“ತೆಗೆದು ಬಿಡ್ರಿ ಡಾಕ್ಟ್ರ ಅತ್ಲಾಗ. ಹುಡುಗಿ ಉಳದ್ರ ಸಾಕು. ನಂದೂ ತೆಗದಾರ, ಏನಾಗೇತಿ ನನಗ? ಗಟ್ಟಿ ಅದೀನಿ.”

ಗಂಡ ಗೋಡೆಗೆ ಒರಗಿ ನಿಂತಿದ್ದ. “ನೀವ್ ಹೆಂಗ್ ಹೇಳ್ತೀರೋ ಹಂಗೆ ಮೇಡಂ. ನಂಗೆ ಏನೂ ತೋಚ್ತಿಲ್ಲ” ಎಂದ.

ನಿಜ ಹೇಳಬೇಕೆಂದರೆ ನನಗೂ ಅದೇ ಯೋಚನೆ ಬಂದಿತ್ತು. ಇನ್ನೊಂದು ಸಲ ಹೀಗಾದರೆ ಉಲ್ಲಾಳದಿಂದ ಇಲ್ಲಿಯವರೆಗೆ ಬರುವಷ್ಟರಲ್ಲಿ ಏನಾದರೂ ಆಗಬಹುದು. ತಾಯಿಯಾಗುವ ಆಸೆ ದೊಡ್ಡದೇ, ಆದರೆ ಜೀವ ಅದಕ್ಕಿಂತ ದೊಡ್ಡದು. ಹಾಗೆಂದು ಹೇಳಲು ಅವಳ ಮಂಚದ ಹತ್ತಿರ ಹೋದೆ. ಆದರೆ ಒಂದು ವಿಷಯ ಕೊರೆಯುತ್ತಿತ್ತು. ಈ ಸಲದ ಡೇಟ್ ಈಗಷ್ಟೇ ಆಗಿದೆ ಎಂದು ಗಂಡ ಹೇಳಿದ್ದ, ಅದು ಇಷ್ಟು ದಿನ ಮುಂದಕ್ಕೆ ಹೋದದ್ದು ಹೇಗೆ? ಗರ್ಭಿಣಿಯಲ್ಲ ಎಂದು ಪರೀಕ್ಷೆಯಲ್ಲಿ ಬಂದಿತ್ತು. ಅದನ್ನೇ ಅವಳನ್ನು ಕೇಳಿದೆ.

“ಬೈಯಲ್ಲ ಅಂದ್ರೆ ಹೇಳ್ತೀನಿ” ಎಂದಳು.

“ಬೈತೀನಿ. ಹೇಳಿ.”

ಉಲ್ಲಾಳದ ಲೇಔಟಿನಲ್ಲಿ ಗಂಡ-ಹೆಂಡತಿ ಸೇರಿ ಸಣ್ಣದೊಂದು ಮನೆ ಕಟ್ಟಿಸಿದ್ದರು. ಗೃಹಪ್ರವೇಶ ಸರಿಯಾಗಿ ಅವಳ ಡೇಟಿನ ದಿನವೇ ಬಿದ್ದಿತ್ತು. ಊರಿಂದ ಅತ್ತೆ ಬರುವವರು, ಜಂಗಮಯ್ಯನವರು ಬರುವವರು. ಅವಳು ಮೆಡಿಕಲ್ ಶಾಪಿನಲ್ಲಿ ಡೇಟ್ ಮುಂದಕ್ಕೆ ಹಾಕುವ ಮಾತ್ರೆ ತಂದು ನುಂಗಿದ್ದಳು. ಪೂಜೆ ಮುಗಿದರೂ ನೆಂಟರು ಹೋಗಲಿಲ್ಲ, ಮಾತ್ರೆಯೂ ನಿಲ್ಲಲಿಲ್ಲ. ಉಳಿದವರೆಲ್ಲ ಹೊರಟು, ಅತ್ತೆಯೂ ಊರಿಗೆ ಹೊರಡುವ ದಿನ ಹತ್ತಿರವಾದಾಗ ನಿಲ್ಲಿಸಿದ್ದಾಳೆ, ತಡೆದಿದ್ದೆಲ್ಲ ಒಟ್ಟಿಗೆ ಬಂದಿದೆ. ನಮ್ಮ ಕಡೆ ಶ್ರಾವಣ ಬಂದರೆ, ಮದುವೆ ಸೀಸನ್ ಬಂದರೆ ಈ ಮಾತ್ರೆಗೆ ಬೇಡಿಕೆ ಏರುವುದು ನನಗೆ ಗೊತ್ತಿಲ್ಲದ್ದಲ್ಲ. ಗಡ್ಡೆ ಇರುವವಳಿಗೆ ನಾನು ಮೊದಲೇ ಎಚ್ಚರಿಸಬೇಕಿತ್ತು. ಈಗ ಎಲ್ಲರಿಗೂ ಮೊದಲ ಭೇಟಿಯಲ್ಲೇ ಹೇಳುತ್ತೇನೆ.

“ನಾನು ಕೆಂಗೇರಿಯವಳು ಮೇಡಂ. ನಮ್ಮನೇಲಿ ಆ ಮೂರು ದಿನ ಆಚೆ ಕೂರಬೇಕು, ದೇವರ ಮನೆ ಹೊಸಲೂ ದಾಟಂಗಿಲ್ಲ. ಅತ್ತೆ ದಿನಾ ಪೂಜೆ ಮಾಡ್ದೆ ಕಾಫಿನೂ ಕುಡಿಯಲ್ಲ. ನನ್ನ ಮನೆ ಗೃಹಪ್ರವೇಶಕ್ಕೆ ನಾನೇ ಮೂಲೇಲಿ ಕೂರೋದಾ ಅಂತ...”

ಬೈದೆ. ಬೈದು ಮುಗಿದ ಮೇಲೆ, ಅತ್ತೆಗೆ ತಿಳಿಸಲೇ ಎಂದು ಕೇಳಿದೆ. “ನೀವೇ ಹೇಳಿ ಮೇಡಂ, ನಂಗೆ ಧೈರ್ಯ ಇಲ್ಲ” ಎಂದು ಮುಖ ಆಚೆ ತಿರುಗಿಸಿದಳು.

ಹೇಳಿದೆ. ಅತ್ತೆ ಕುರ್ಚಿಯಲ್ಲಿ ಮುಂದಕ್ಕೆ ಸರಿದರು.

“ಯಾರ್ ಹೇಳಿದ್ರು ಈಕಿಗೆ? ಲಿಂಗ ಕಟ್ಟಿದ ಮನ್ಯಾಗ ಮುಟ್ಟು ಮೈಲಿಗಿ ಅಂತ ಇಲ್ರೀ. ಮುಟ್ಟಾದಾಗನೂ ನಾ ಲಿಂಗಪೂಜಿ ಮಾಡೀನಿ, ಅಡಗಿ ಮಾಡೀನಿ, ಜಂಗಮರಿಗೆ ನೀಡೀನಿ. ನಮ್ಮ ಅತ್ತಿನೂ ಹಂಗ, ಅವರ ಅತ್ತಿನೂ ಹಂಗ. ಒಂದ್ ಮಾತ್ ನನ್ನ ಕೇಳಿದ್ರ ಆಗ್ತಿತ್ತಲ್ಲ!”

ಎದ್ದು ಸೀದಾ ವಾರ್ಡಿಗೆ ಹೋದರು. ನಾನು ಹಿಂದೆಯೇ ಹೋದೆ, ಜಗಳವಾದರೆ ಬಿಡಿಸಬೇಕಲ್ಲ. ಅವರು ಸೊಸೆಯ ತಲೆಯ ಮೇಲೆ ಒಂದು ಸಣ್ಣ ಏಟು ಕೊಟ್ಟು, “ಹುಚ್ಚಿ, ನನಗ ಹೆದರಿ ವಿಷ ನುಂಗಿದಂಗ ಗುಳಿಗಿ ನುಂಗಿಯಲ್ಲ” ಎಂದರು. ಅದೇ ಕೈಯಿಂದ ಅವಳ ಕೂದಲು ಸರಿಮಾಡುತ್ತಾ ಕೂತರು. ಸೊಸೆ ಅಳತೊಡಗಿದಳು, ಅತ್ತೆಯೂ.

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ಅಂದ್ರ ಇಷ್ಟು ಪರಿ ಹೋಗಿದ್ದು ಆ ಗುಳಿಗಿಯಿಂದ?”

“ಗಡ್ಡೆ ಇದ್ದೇ ಇದೆ ಅಮ್ಮ. ಆದ್ರೆ ಒಂದೇ ಸಲ ಹೀಗೆ ನುಗ್ಗಿದ್ದು ಮಾತ್ರೆ ನಿಲ್ಲಿಸಿದ್ದಕ್ಕೆ.”

“ಹಂಗಾರ ಚೀಲ ಏನ್ ತಪ್ಪು ಮಾಡೇತಿ? ತೆಗಿಯೂದು ಬ್ಯಾಡ. ನೀವು ಮೊದಲ ಹೇಳಿದಂಗ ಮಾಡ್ರಿ.”

ತೆಗೆದುಬಿಡೋಣ ಎಂದು ನನ್ನ ಬಾಯಿಗೆ ಬಂದಿದ್ದ ಮಾತನ್ನು ನುಂಗಿಕೊಂಡೆ. ಅವರು ಹೇಳಿದ್ದರಲ್ಲಿ ವೈದ್ಯಕೀಯವಾಗಿಯೂ ಹುರುಳಿತ್ತು. ತಿಂಗಳಿಗೊಂದರಂತೆ ಇಂಜೆಕ್ಷನ್ ಕೊಟ್ಟು ಮುಟ್ಟನ್ನೇ ತಾತ್ಕಾಲಿಕವಾಗಿ ನಿಲ್ಲಿಸಿ, ಅಷ್ಟರಲ್ಲಿ ರಕ್ತ ಹೆಚ್ಚಿಸುವುದೆಂದು ತೀರ್ಮಾನಿಸಿದೆ. ಆಕೆ ಮನೆಯಲ್ಲಿ ವಿಶ್ರಾಂತಿ ತೆಗೆದುಕೊಂಡಳು. ಅತ್ತೆ ಊರಿಗೆ ಹೋಗದೆ ಉಳಿದರು. ಪ್ರತಿ ಸಲ ರಕ್ತಪರೀಕ್ಷೆಗೆ ಬಂದಾಗಲೂ ಆ ಮನೆಯಲ್ಲಿ ಬೇಯುವ ನುಗ್ಗೆಸೊಪ್ಪಿನ ವರದಿ ನನಗೆ ಸಿಗುತ್ತಿತ್ತು. ರಕ್ತ ಏರಿತು.

ಆಪರೇಷನ್ ದಿನ ಒಪ್ಪಿಗೆಗೆ ಸಹಿ ಮಾಡುವಾಗ ಅವಳು ಒಂದು ಸಾಲಿನ ಮೇಲೆ ಬೆರಳಿಟ್ಟಳು. ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಗರ್ಭಕೋಶ ತೆಗೆಯಲು ಒಪ್ಪಿಗೆ ಎಂಬ ಸಾಲು.

“ಇದು ಬೇಕೇ ಬೇಕಾ ಮೇಡಂ?”

“ಬೇಕು. ಪ್ರಾಣಕ್ಕೆ ಬಂದರೆ ಮಾತ್ರ.”

ಸಹಿ ಹಾಕಿದಳು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿದೆವು. ನೀರು ದೇಹಕ್ಕೆ ಸೇರುವ ಆಪರೇಷನ್‌ನಲ್ಲಿ ರೋಗಿ ಎಚ್ಚರವಿದ್ದು ಮಾತಾಡುತ್ತಿದ್ದರೆ ತೊಂದರೆ ಬೇಗ ತಿಳಿಯುತ್ತದೆ. ಅರಿವಳಿಕೆ ವೈದ್ಯರು ನನ್ನ ಹಳೆಯ ಜೊತೆಗಾರರು, ಮಾತು ಕಡಿಮೆ, ಆಡಿದರೆ ಚುಚ್ಚುವ ಹಾಗೆ. ಅವಳ ರಕ್ತ ಹಿಂದೆ ಅಷ್ಟು ಇಳಿದಿತ್ತಾದ್ದರಿಂದ, ಎರಡು ಲೀಟರಿಗಿಂತ ಹೆಚ್ಚು ನೀರು ಒಳಗುಳಿಯಬಾರದೆಂದು ನಾವಿಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ಶುರುವಿನಲ್ಲೇ ತಡವಾಯಿತು. ಮುಟ್ಟು ನಿಲ್ಲಿಸುವ ಇಂಜೆಕ್ಷನ್‌ನಿಂದ ಗರ್ಭಕೋಶದ ಬಾಯಿ ಬಿಗಿದುಕೊಂಡಿತ್ತು. ತೆಳು ಸಲಾಕೆಯಿಂದ ಆರಂಭಿಸಿ ಒಂದಕ್ಕಿಂತ ಒಂದು ದಪ್ಪದ್ದನ್ನು ಹಾಕುತ್ತಾ, ಹರಿಯದಂತೆ ನಿಧಾನವಾಗಿ ಅಗಲಿಸಬೇಕಾಯಿತು. ಕ್ಯಾಮೆರಾ ಒಳಗೆ ಹೋದ ಮೇಲೆ ಎಲ್ಲ ಸಲೀಸು. ಗಡ್ಡೆ ಕಣ್ಣೆದುರಿಗೇ ಇತ್ತು. ಕುಣಿಕೆಯನ್ನು ಅದರ ಹಿಂದಕ್ಕೆ ಹಾಯಿಸಿ ನನ್ನ ಕಡೆಗೆ ಎಳೆದುಕೊಂಡಂತೆ ತೆಂಗಿನಕಾಯಿ ಚೂರಿನಂಥ ಬಿಳಿ ಪದರಗಳು ಬಿಡಿಸಿಕೊಂಡು ಬಂದವು. ಸಿಸ್ಟರ್ ಕಾಲಬುಡದಲ್ಲಿ ಕೂತು, ಒಳಗೆ ಬಿಟ್ಟ ನೀರಿನಿಂದ ಹೊರಗಿನ ಪ್ಲಾಸ್ಟಿಕ್ ಚೀಲಕ್ಕೆ ವಾಪಸ್ ಬಂದ ನೀರು ಕಳೆದು ಕಳೆದು, ಒಳಗುಳಿದದ್ದೆಷ್ಟು ಎಂದು ಹೇಳುತ್ತಿದ್ದರು. ಅರ್ಧ ಲೀಟರ್. ಮುಕ್ಕಾಲು. ನಾನು ಖುಷಿಯಲ್ಲಿದ್ದೆ.

ಗೋಡೆಯ ಮಟ್ಟಕ್ಕೆ ಬಂದಾಗ ಗಡ್ಡೆಯ ಬುಡ ಸಿಗಬೇಕಿತ್ತು. ಸಿಗಲಿಲ್ಲ. ಅದು ಸ್ನಾಯುವಿನ ಒಳಕ್ಕೆ ಇಳಿದುಹೋಗಿತ್ತು. ಒಳಗೆ ಉಬ್ಬಿ ಕಂಡದ್ದು ಅರ್ಧ, ಕಾಣದೆ ಹುದುಗಿದ್ದು ಇನ್ನರ್ಧ. ಸುಲಭ ಎಂದಿದ್ದೆನಲ್ಲ, ಅಂದಾಜು ತಪ್ಪಿತ್ತು. ಬಿಡದೆ ಹೆರೆದೆ. ಸ್ನಾಯುವಿನ ರಕ್ತನಾಳಗಳು ತೆರೆದುಕೊಂಡವು, ಪರದೆಯ ಮೇಲೆ ಕೆಂಪು ಮಬ್ಬು. ಸ್ಪಷ್ಟವಾಗಿ ಕಾಣಬೇಕೆಂದರೆ ನೀರಿನ ಒತ್ತಡ ಹೆಚ್ಚಿಸಬೇಕು. ಹೆಚ್ಚಿಸಿದರೆ ಅದೇ ತೆರೆದ ನಾಳಗಳಿಂದ ನೀರು ರಕ್ತಕ್ಕೆ ನುಗ್ಗುತ್ತದೆ.

“ಒಂದೂವರೆ, ಮೇಡಂ” ಎಂದರು ಸಿಸ್ಟರ್. ನಾನು ಕೇಳಿಸಿಕೊಂಡೆ, ಆದರೆ ಕೈ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ಅರಿವಳಿಕೆ ವೈದ್ಯರೇ ಹೇಳಿದರು.

“ಎರಡಕ್ಕೆ ಬಂತು.”

“ಐದು ನಿಮಿಷ ಕೊಡಿ.”

“ನಿಮ್ಮ ಐದು ನಿಮಿಷ ನಂಗೆ ಗೊತ್ತು.”

ಅವರು ಆಗಲೇ ಅವಳ ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟಿದ್ದರು. ಅವಳು ಒಮ್ಮೆ ಕೆಮ್ಮಿದಳು. ಆಮೇಲೆ ಅವಳ ಎದೆಯ ಹತ್ತಿರ ಅಡ್ಡ ಕಟ್ಟಿದ್ದ ಹಸಿರು ಬಟ್ಟೆಯ ಆ ಕಡೆಯಿಂದ ಸಣ್ಣ ದನಿ ಬಂತು.

“ಮೇಡಂ... ತೆಗೀತಾ ಇದೀರಾ?”

“ಗಡ್ಡೆ ತೆಗೀತಾ ಇದೀವಿ.”

“ಅದಲ್ಲ ಮೇಡಂ.”

ನನ್ನ ಮುಂದೆ ಮೂರು ದಾರಿ ಇದ್ದವು. ಮುಂದುವರಿಸಿದರೆ ಗಡ್ಡೆ ಪೂರ್ತಿ ಹೋಗಬಹುದು. ಆದರೆ ಆ ಜಾಗದಲ್ಲಿ ಗೋಡೆ ಎಷ್ಟು ತೆಳ್ಳಗಿದೆಯೋ ಗೊತ್ತಿಲ್ಲ, ತೂತು ಬಿದ್ದರೆ ಆಚೆ ಕರುಳು, ಶ್ವಾಸಕೋಶಕ್ಕೆ ನೀರು ಬೇರೆ. ಹೊಟ್ಟೆ ತೆರೆದು ಗರ್ಭಕೋಶವನ್ನೇ ತೆಗೆದರೆ ಎಲ್ಲವೂ ಒಂದೇ ದಿನಕ್ಕೆ ಮುಗಿಯುತ್ತದೆ, ಸಹಿಯೂ ಇದೆ, ನನ್ನನ್ನು ಯಾರೂ ಪ್ರಶ್ನಿಸುವುದಿಲ್ಲ. ಮೂರನೆಯದು, ಇಲ್ಲಿಗೆ ನಿಲ್ಲಿಸುವುದು. ಅರ್ಧ ಕೆಲಸ ಮಾಡಿ ಹೊರಗೆ ಹೋಗಿ ಅರ್ಧವೇ ಮಾಡಿದೆ ಎಂದು ಹೇಳುವುದು ನನ್ನಂಥವಳಿಗೆ ಸುಲಭವಲ್ಲ. ಆ ಕ್ಷಣ ನನ್ನನ್ನು ಹಿಡಿದೆಳೆಯುತ್ತಿದ್ದದ್ದು ರೋಗಿಯ ಚಿಂತೆಯಷ್ಟೇ ಅಲ್ಲ, ನನ್ನ ಹಟವೂ ಹೌದು. ಪ್ರಾಣಕ್ಕೆ ಬಂದರೆ ಮಾತ್ರ ಎಂದು ಮಾತು ಕೊಟ್ಟಿದ್ದೆ. ಪ್ರಾಣಕ್ಕೆ ಇನ್ನೂ ಬಂದಿರಲಿಲ್ಲ, ನಾನು ಹಟ ಹಿಡಿದರೆ ಬರುತ್ತಿತ್ತು.

“ನೀರು ನಿಲ್ಲಿಸಿ” ಎಂದೆ. ಅವಳಿಗೆ ಕೇಳುವ ಹಾಗೆ ಜೋರಾಗಿಯೇ ಹೇಳಿದೆ: “ಗರ್ಭಕೋಶ ಅಲ್ಲೇ ಇರುತ್ತೆ. ಗಡ್ಡೆ ಅರ್ಧ ತೆಗೆದಿದೀನಿ, ಉಳಿದದ್ದು ಇನ್ನೊಂದು ಸಲ.”

ರಕ್ತ ನಿಲ್ಲಲು ಒಳಗೆ ಸಣ್ಣ ಬಲೂನ್ ಇಟ್ಟು ಉಬ್ಬಿಸಿದೆವು. ಹೆಚ್ಚಾದ ನೀರು ಮೂತ್ರವಾಗಿ ಹೋಗಲು ಇಂಜೆಕ್ಷನ್ ಕೊಟ್ಟೆವು. ಮೂತ್ರದ ಚೀಲ ತುಂಬುತ್ತಾ ಬಂದಂತೆ ಅರಿವಳಿಕೆ ವೈದ್ಯರ ಹುಬ್ಬು ಸಡಿಲವಾಯಿತು. ಸಂಜೆಗೆ ಎದೆ ಪೂರ್ತಿ ತಿಳಿಯಾಗಿತ್ತು. ಅವರು ಹೋಗುವಾಗ, “ನಿಮಗೆ ನಿಲ್ಲಿಸೋಕೂ ಬರುತ್ತೆ ಅಂತ ಇವತ್ತು ಗೊತ್ತಾಯ್ತು” ಎಂದರು. ಹೊಗಳಿಕೆಯೆಂದೇ ತೆಗೆದುಕೊಂಡೆ.

ಹೊರಗೆ ಹೇಳುವುದು ಬಾಕಿ ಇತ್ತು.

“ಅರ್ಧ ಅಂದ್ರೆ ಮೇಡಂ?” ಗಂಡನಿಗೆ ಅರ್ಥವೇ ಆಗಲಿಲ್ಲ. ಅರ್ಧ ದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದುಹೋಗುವ ಡ್ರೈವರನ್ನು ನೋಡುವಂತೆ ನನ್ನನ್ನು ನೋಡಿದ.

ವಿವರಿಸಿದೆ. ಒಳಗೆ ಚಾಚಿದ್ದ ಭಾಗ ಹೋದ ಮೇಲೆ ಗರ್ಭಕೋಶ ಕುಗ್ಗಿ ಬಿಗಿಯುತ್ತದೆ. ಬಿಗಿಯುವಾಗ ಗೋಡೆಯೊಳಗೆ ಹುದುಗಿರುವ ಗಡ್ಡೆಯನ್ನು ಒಳಕ್ಕೆ ದೂಡುತ್ತದೆ. ಕೆಲವು ವಾರ ಬಿಟ್ಟು ನೋಡಿದರೆ ಉಳಿದದ್ದು ಕೈಗೆ ಸಿಗುವಂತೆ ಬಂದಿರುತ್ತದೆ. “ಬರದೆ ಇದ್ರೆ?” ಎಂದ. “ಬರದೆ ಇರಬಹುದು” ಎಂದೆ. ಸುಳ್ಳು ಭರವಸೆ ಕೊಡಲು ಮನಸ್ಸಾಗಲಿಲ್ಲ.

ಅತ್ತೆ ಮಾತ್ರ ನನ್ನ ಮೊಬೈಲಿನಲ್ಲಿದ್ದ ಒಳಗಿನ ಚಿತ್ರವನ್ನು ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ನನಗೂ ಬರೇ ಗಡ್ಡಿ ಐತಿ ಅಂದಿದ್ರು. ಚೀಲನ ತೆಗದ್ರು. ಹಿಂಗೂ ಮಾಡಬಹುದಿತ್ತೇನ್ರೀ?” ಎಂದು ಕೇಳಿದರು. ಅವರ ಗಡ್ಡೆ ಎಲ್ಲಿತ್ತೋ ಹೇಗಿತ್ತೋ ನನಗೆ ಗೊತ್ತಿಲ್ಲ ಎಂದೆ. ಅದು ನಿಜ. ಆದರೆ ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರು ಮೊಬೈಲ್ ವಾಪಸ್ ಕೊಟ್ಟು, “ಇರ್ಲಿ ಬಿಡ್ರಿ, ಈಕಿದರ ಉಳೀತಲ್ಲ” ಎಂದರು.

ಮುಂದಿನ ವಾರಗಳು ನನಗೆ ನೆಮ್ಮದಿಯವಾಗಿರಲಿಲ್ಲ. ತೆಗೆದ ಚೂರುಗಳಲ್ಲಿ ಕೆಟ್ಟದ್ದೇನೂ ಇಲ್ಲ ಎಂದು ಲ್ಯಾಬಿನಿಂದ ಬಂದಾಗ ಅರ್ಧ ಉಸಿರು ಬಿಟ್ಟೆ. ಬಸವೇಶ್ವರನಗರದ ಮನೆಯಿಂದ ನಡೆದು ಬರುವಾಗ, ಊಟದ ಮಧ್ಯೆ, ಆ ಗೋಡೆಯೇ ಕಣ್ಣಮುಂದೆ. ಎರಡನೆಯ ಸ್ಕ್ಯಾನ್‌ಗೆ ಅವಳು ಬಂದ ದಿನ ನನ್ನ ಕೈ ತಣ್ಣಗಿತ್ತು. “ಮೇಡಂ, ಜೆಲ್ಲಿಗಿಂತ ನಿಮ್ ಕೈನೇ ತಣ್ಣಗಿದೆ” ಎಂದು ಅವಳೇ ನಕ್ಕಳು. ಪರದೆಯಲ್ಲಿ ನೋಡಿದೆ. ಗಡ್ಡೆ ಗೋಡೆ ಬಿಟ್ಟು ಒಳಕ್ಕೆ ಬಂದಿತ್ತು. ಇನ್ನೊಮ್ಮೆ ನೋಡಿದೆ. ಬಂದೇ ಇತ್ತು. ಕುಣಿಯಬೇಕೆನಿಸಿತು, ಗಂಟಲು ಸರಿಮಾಡಿಕೊಂಡು ಆಪರೇಷನ್‌ಗೆ ದಿನ ಕೊಟ್ಟೆ.

ಎರಡನೆಯ ಸಲ ಅದೇ ಥಿಯೇಟರ್, ಅದೇ ಸಿಸ್ಟರ್, ಅದೇ ಅರಿವಳಿಕೆ ವೈದ್ಯರು. ಕ್ಯಾಮೆರಾ ಒಳಗೆ ಹೋಗುತ್ತಿದ್ದಂತೆ ಎದುರಿಗೇ ಸಿಕ್ಕಿತು. ನೆನೆದ ಕಡಲೆ ಸಿಪ್ಪೆ ಬಿಟ್ಟು ಜಾರುವಂತೆ ಬುಡ ಸಡಿಲಾಗಿತ್ತು. ಸ್ವಲ್ಪ ಹೆರೆದೆ, ಉಳಿದದ್ದು ತಾನೇ ಬಿಡಿಸಿಕೊಂಡಿತು. ಸಿಸ್ಟರ್ ಇನ್ನೂ ಅರ್ಧ ಲೀಟರನ್ನೂ ಹೇಳಿರಲಿಲ್ಲ. ಅದು ಕುಳಿತಿದ್ದ ಜಾಗದಲ್ಲಿ ಸಣ್ಣದೊಂದು ಕೆಂಪು ಗುರುತು ಬಿಟ್ಟರೆ ಸುತ್ತಲೂ ನಸುಗೆಂಪು ಗೋಡೆ, ಎರಡೂ ಮೂಲೆಗಳಲ್ಲಿ ನಾಳದ ಬಾಯಿಗಳು ಸ್ಪಷ್ಟ. ಅಂಥ ಅಚ್ಚುಕಟ್ಟಾದ ಗರ್ಭಕೋಶವನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ.

“ಮುಗೀತು ಕಣಮ್ಮ” ಎಂದೆ. “ಪೂರ್ತಿ ಮುಗೀತು.”

ಅಳುತ್ತಿದ್ದಾಳೆ ಎಂದು ಅರಿವಳಿಕೆ ವೈದ್ಯರು ಸನ್ನೆ ಮಾಡಿದರು. ಸ್ವಲ್ಪ ತಾಳಿ, “ನಾನೂ ನೋಡ್ಬೋದಾ ಮೇಡಂ?” ಎಂದಳು. ಸಿಸ್ಟರ್ ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಅವಳು ತಲೆ ಹೊರಳಿಸಿ ನೋಡಿದಳು. ಇಷ್ಟು ದಿನ ಅವಳನ್ನು ಕಾಡಿದ ಆ ಜಾಗ ಒಂದು ಚಿಕ್ಕ ಖಾಲಿ ಕೋಣೆಯಾಗಿ ಬೆಳಕಿನಲ್ಲಿ ಕಾಣುತ್ತಿತ್ತು.

“ಇಲ್ಲೇನಾ ಮೇಡಂ ಮಗು ಇರೋದು?”

“ಇಲ್ಲೇ.”

ಅವಳು ಕಣ್ಣು ಕೀಳಲಿಲ್ಲ. ಹೊರಗೆ ಒಂದು ಹೆರಿಗೆ ಕೇಸು ಕಾಯುತ್ತಿತ್ತು. ನೀರು ನಿಲ್ಲಿಸಲೇ ಎಂದು ಸಿಸ್ಟರ್ ಕೇಳಿದರು. ನೀರು ನಿಂತರೆ ಆ ಕೋಣೆ ಮಡಚಿಕೊಳ್ಳುತ್ತದೆ, ಮತ್ತೇನೂ ಕಾಣುವುದಿಲ್ಲ.

“ಇನ್ನೊಂದು ನಿಮಿಷ ಬಿಡಿ” ಎಂದೆ. ಕ್ಯಾಮೆರಾವನ್ನು ಅಲುಗಾಡದಂತೆ ಹಿಡಿದು ನಿಂತೆ.